ಅಟ್ಟಣಿಗೆಯ ಮೇಲೆ ಕಲಿಸಿದ ನಾಲ್ಕು ಮಾತು

ಸುಂಟಿಕೊಪ್ಪದ ಹತ್ತಿರದ ಒಂದು ಮನರಂಜನಾ ಪಾರ್ಕಿನಲ್ಲಿ ಜನರಿಗೆ ಬೆಲ್ಟು ಕಟ್ಟಿ ಹಗ್ಗದ ಮೇಲೆ ಕಳಿಸುವುದು ನನ್ನ ಕೆಲಸ. ಜಿಪ್‌ಲೈನ್ ಅನ್ನುತ್ತಾರೆ. ಗುಡ್ಡದ ತುದಿಯಲ್ಲಿ ಕಬ್ಬಿಣದ ಅಟ್ಟಣಿಗೆ. ಅಲ್ಲಿಂದ ಕಾಫಿ ತೋಟದ ಮೇಲೆ ಹಾದು ಕೆಳಗಿನ ಬಯಲಿಗೆ ಇಳಿಯುವ ಉಕ್ಕಿನ ಹಗ್ಗ. ಎಂಟು ವರ್ಷದಿಂದ ಊರಿನವರನ್ನೆಲ್ಲ ಕಳಿಸಿದ್ದೇನೆ, ನಾನು ಮಾತ್ರ ಒಮ್ಮೆಯೂ ಹೋಗಿಲ್ಲ. ನನಗೇನು ತಲೆ ಕೆಟ್ಟಿದೆಯೇ?

ಪ್ರತಿ ಬೇಸಿಗೆಗೆ ನಮ್ಮಲ್ಲಿಗೆ ನೇಪಾಳದಿಂದ ನಾಲ್ಕೈದು ಜನ ಕೆಲಸಕ್ಕೆ ಬರುತ್ತಾರೆ, ಮಳೆ ಹಿಡಿಯುವ ಹೊತ್ತಿಗೆ ಹಿಂದಿರುಗುತ್ತಾರೆ. ಎರಡು ವರ್ಷದ ಹಿಂದೆ ಅವರ ಜೊತೆ ಅವಳೂ ಬಂದಳು. ಅವಳ ಗಂಡ ಮೊದಲಿನಿಂದಲೂ ಪಾರ್ಕಿನ ಅಡುಗೆಮನೆಯಲ್ಲಿದ್ದವನು. ಮದುವೆಯಾದ ಮೇಲೆ ಇಬ್ಬರೂ ಒಂದೇ ಸೂರಿನಡಿ ಇರುವುದು ಇದೇ ಮೊದಲು ಎಂದು ತನ್ನ ಅರೆಬರೆ ಕನ್ನಡದಲ್ಲಿ ನಾಚಿಕೊಂಡು ಹೇಳಿದ್ದ. ಅಟ್ಟಣಿಗೆಯ ಮೇಲೆ ಹೆಂಗಸು ನಾನೊಬ್ಬಳೇ, ಹಾಗಾಗಿ ಅವಳನ್ನು ನನ್ನ ಜೊತೆಗೆ ಹಾಕಿದರು. ಅವಳಿಗೆ ಕನ್ನಡ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ನನ್ನ ಹಿಂದಿಯಂತೂ ದೇವರಿಗೇ ಪ್ರೀತಿ.

ಹಾಗಾಗಿ ಮಾತಿಲ್ಲದೆ ಕೆಲಸ ಮಾಡಿದೆವು. ಈಗ ನೆನೆದರೆ ಆ ದಿನಗಳು ನಡೆದವೋ, ನಾನೇ ಕಂಡ ಕನಸೋ ಅನ್ನಿಸುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದಿತ್ತು. ಕೆಳಗೆ ಕಾಫಿ ಗಿಡಗಳೆಲ್ಲ ಬಿಳಿ, ಅದರ ಮೇಲೆ ಬೆಳಗಿನ ಮಂಜೂ ಬಿಳಿ. ನಾವು ಕಳಿಸಿದವರು ಆ ಬಿಳುಪಿನೊಳಗೆ ಹೊಕ್ಕು ಕಾಣೆಯಾಗುತ್ತಿದ್ದರು. ಹಗ್ಗದ ಗುಂಯ್‌ಗುಟ್ಟುವಿಕೆ ಸ್ವಲ್ಪ ಹೊತ್ತು ಉಳಿಯುತ್ತಿತ್ತು, ಆಮೇಲೆ ಅದೂ ನಿಂತು ಹೂವಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಅವಳು ಕಂಬಿ ಹಿಡಿದು, ಹೋದವರ ದಾರಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ನಾನೂ ನಿಲ್ಲುತ್ತಿದ್ದೆ. ಸಾಲಿನಲ್ಲಿದ್ದವರು ಗೊಣಗಿದಾಗಲೇ ಇಬ್ಬರಿಗೂ ಎಚ್ಚರ.

ಒಂದು ಗುರುವಾರ ಮ್ಯಾನೇಜರ್ ಮೇಲೆ ಹತ್ತಿ ಬಂದರು. ಅವಳು ಏನೂ ಹೇಳದೆ ಬೆಲ್ಟು ಕಟ್ಟುತ್ತಾಳೆ, ಭಯವಾಗುತ್ತದೆ ಎಂದು ಹಾಸನದ ಕಡೆಯ ಯಾರೋ ದೂರಿದ್ದರಂತೆ.

"ಭಾನುವಾರ ಇವಳೇ ಎಲ್ಲ ಕನ್ನಡದಲ್ಲಿ ಹೇಳ್ಬೇಕು. ಇಲ್ಲಾಂದ್ರೆ ಊರಿಗೆ ಕಳಿಸ್ತೇನೆ. ಗಂಡ ಬೇಕಾದ್ರೆ ಇರ್ಲಿ," ಎಂದು ನನ್ನ ಕೈಗೆ ಒಂದು ಚೀಟಿ ಕೊಟ್ಟು ಹೋದರು.

ಮರುದಿನ ಅವಳ ಕಣ್ಣು ಊದಿತ್ತು, ರಾತ್ರಿ ಗಂಡ ಎಲ್ಲ ತಿಳಿಸಿ ಹೇಳಿರಬೇಕು. ತನ್ನೆದೆ ಮುಟ್ಟಿಕೊಂಡು ದೂರದ ಬೆಟ್ಟದಾಚೆಗೆ ಕೈ ತೋರಿಸಿದಳು. ಆಮೇಲೆ ಅಡುಗೆಮನೆಯ ಕಡೆ ತೋರಿಸಿ ತಲೆ ತಗ್ಗಿಸಿದಳು. ನಾನು ಚೀಟಿ ಬಿಚ್ಚಿದೆ.

ಚೀಟಿಯಲ್ಲಿ ನಾಲ್ಕು ಮಾತುಗಳಿದ್ದವು. ಬೆಲ್ಟು ಬಿಗಿಯಾಗಿದೆಯೇ ನೋಡಿಕೊಳ್ಳಿ. ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಕಾಲು ಮಡಚಿ. ಕೊನೆಯದು, ಹೋಗಿ. ಮೊದಲ ಮೂರನ್ನು ಹಾಗೆಯೇ ಕಲಿಸಿದೆ. ನಾಲ್ಕನೆಯದು ನನ್ನ ಬಾಯಲ್ಲಿ ಬರಲಿಲ್ಲ. ನಮ್ಮದು ಹಾಸನದ ಕಡೆಯಿಂದ ಬಂದು ನೆಲೆ ನಿಂತ ಬೇಸಾಯದ ಮನೆ. ಹೊಸ್ತಿಲು ದಾಟುವವರಿಗೆ ಬರೀ "ಹೋಗಿ" ಅಂದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಕಳಿಸುವುದು. ಇನ್ನು ಆಕಾಶದಲ್ಲಿ ನೇತು ಹಾಕಿ ಕಳಿಸುವವರಿಗೆ ಅನ್ನುವುದುಂಟೇ? ಕೆಲಸಕ್ಕೆ ಸೇರಿದಾಗಿನಿಂದ ನಾನು ಹೇಳುತ್ತಿದ್ದುದನ್ನೇ ಅವಳಿಗೂ ಕಲಿಸಿದೆ: "ಹೋಗಿ ಬನ್ನಿ."

ಭಾನುವಾರ ಮ್ಯಾನೇಜರ್ ತಾವೇ ಬೆಲ್ಟು ಕಟ್ಟಿಸಿಕೊಂಡು ನಿಂತರು. ಅವಳ ದನಿ ನಡುಗಲಿಲ್ಲ. ಮೂರು ಮಾತು ಮುಗಿಸಿ, ಅವರ ಬೆನ್ನ ಮೇಲೆ ಕೈಯಿಟ್ಟು, "ಹೋಗಿ ಬನ್ನಿ," ಅಂದಳು.

ಅವರು ತಿರುಗಿ ನೋಡಿದರು. "ಬನ್ನಿ ಅಂತ ಎಲ್ಲಿ ಬರ್ದಿದೆ? ಈ ಹಗ್ಗದಲ್ಲಿ ವಾಪಸ್ ಬರ್ಲಿಕ್ಕೆ ಆಗ್ತದಾ?"

ಅವಳಿಗೆ ಆ ದನಿ ಮಾತ್ರ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಚೀಟಿಯಲ್ಲಿದ್ದಂತೆ ಕಲಿಸಿದ್ದರೆ ಅವಳು ಗೆದ್ದಿರುತ್ತಿದ್ದಳು, ನನ್ನ ಮನೆಯ ಶಾಸ್ತ್ರ ಅವಳ ಸಂಸಾರಕ್ಕೆ ಮುಳುವಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಅವರ ಮೇಲೆ ಹಾಕಿದೆ.

"ನಾನೇ ಹೇಳ್ಕೊಟ್ಟಿದ್ದು ಸಾರ್. ನೀವು ಮನೆಯಿಂದ ಹೊರಡುವಾಗ ಯಾರಾದ್ರೂ ಬರೀ ಹೋಗಿ ಅಂದ್ರೆ ನಿಮ್ ತಾಯಿ ಸುಮ್ನಿರ್ತಾರಾ?"

ಅವರು ಮುಂದಕ್ಕೆ ತಿರುಗಿದರು. ಕಾಲು ಮಡಚಿದರು. ಅವಳು ತಡೆದು ಹಿಡಿದಿದ್ದ ಕೊಕ್ಕೆ ಬಿಟ್ಟಳು, ಅವರು ಹೂವಿನ ಮೇಲೆ ತೇಲಿ ಮಂಜಿನೊಳಗೆ ಹೋದರು. ನಾವಿಬ್ಬರೂ ಕಂಬಿ ಹಿಡಿದು ನಿಂತೆವು. ಅವಳ ಕೈ ನನ್ನ ಕೈ ಮೇಲಿತ್ತು, ತಣ್ಣಗಿತ್ತು. ಎಷ್ಟೋ ಹೊತ್ತಿನ ಮೇಲೆ ಗುಡ್ಡದ ಕಾಲುದಾರಿಯಲ್ಲಿ ಏದುಸಿರು ಬಿಡುತ್ತ ಅವರು ಹತ್ತಿ ಬಂದರು.

"ಬಂದೆ ಮಾರಾಯ್ತಿ," ಎಂದು ಮೆಟ್ಟಿಲ ಮೇಲೆ ಕುಸಿದು ಕೂತರು. "ಇರ್ಲಿ ಇವಳು."

ಆ ಬೇಸಿಗೆಯಿಡೀ ಅವಳ "ಹೋಗಿ ಬನ್ನಿ" ಕೇಳಿಸಿತು. ದಿನಕ್ಕೆ ನೂರು ಸಲ, ನನ್ನದೇ ಎಳೆತದಲ್ಲಿ.

ಜೂನಿನಲ್ಲಿ ಮಳೆ ಹಿಡಿದು ಹಗ್ಗದ ಆಟ ನಿಲ್ಲಿಸಿದರು. ಗಂಡ ಹೆಂಡತಿ ಇಬ್ಬರೂ ಊರಿಗೆ ಹೊರಟರು. ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ಹೇಳಬೇಕೆಂದುಕೊಂಡದ್ದನ್ನು ಬಿಟ್ಟು ಅವರ ಚೀಲಗಳನ್ನು ಬಸ್ಸಿಗೆ ಎತ್ತಿಕೊಟ್ಟೆ. ಬಸ್ಸು ಹೊರಟಾಗ ಅವಳೇ ಕಿಟಕಿಯಿಂದ ಕೈ ಚಾಚಿ, ಬೆಲ್ಟು ನೋಡುವವಳ ಹಾಗೆ ನನ್ನ ಭುಜ ಮುಟ್ಟಿ ಹೇಳಿದಳು.

"ಅಕ್ಕಾ, ಹೋಗಿ ಬನ್ನಿ."

ಹೊರಟವಳು ನಿಂತವಳಿಗೆ ಹೇಳುವುದಲ್ಲ ಅದು. ಎಲ್ಲರನ್ನೂ ತಿದ್ದುವ ನಾನು ಅವಳನ್ನು ತಿದ್ದಲಿಲ್ಲ. "ಬತ್ತೀನಿ ಕಣೇ," ಅಂದುಬಿಟ್ಟೆ. ಅವಳು ನಕ್ಕಳು, ಬಸ್ಸು ಮಳೆಯಲ್ಲಿ ಮಸುಕಾಯಿತು.

ಮುಂದಿನ ಬೇಸಿಗೆಗೆ ಅವರು ಬರಲಿಲ್ಲ, ಈ ಬೇಸಿಗೆಗೂ ಇಲ್ಲ. ಅವಳು ಬರುತ್ತೇನೆ ಅಂದಿರಲೂ ಇಲ್ಲ, ಅಂದವಳು ನಾನು. ಅವಳ ಊರಿನ ಹೆಸರು ನನಗೆ ಗೊತ್ತಿಲ್ಲ. ಅಲ್ಲಿ ಹೊರಡುವವರಿಗೆ ಏನೆಂದು ಹೇಳಿ ಕಳಿಸುತ್ತಾರೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.