ಬಾವಿಯ ನೀರು ಕುಡಿದ ಜಾಲಿ

ಮಣ್ಣಿನಲ್ಲಿ ಹುಗಿದು ಪರೀಕ್ಷೆ ಮಾಡಿದ ಆ ಜಾಲಿ ತುಂಡು ಬಡಿಗೇರ ಮೌನೇಶಪ್ಪನವರದಲ್ಲ. ನಮ್ಮ ಹಿತ್ತಲಿನ ಸೌದೆಯ ರಾಶಿಯಿಂದ ನಾನೇ ಎಳೆದುಕೊಂಡದ್ದು. ಹುಳ ಹತ್ತಿದ್ದು ಅದಕ್ಕೆ. ಕೆಟ್ಟದ್ದು ಅವರ ಹೆಸರು. ಆರು ವರ್ಷ ನಾನು ಇದನ್ನು ಯಾರಿಗೂ ಹೇಳಲಿಲ್ಲ.

ಸಿಂಧನೂರಿನ ಕಾಲುವೆಯ ಪಕ್ಕದಲ್ಲಿ ಬೆಳಗಿನ ನಡಿಗೆಗೆ ಬರುವವರೇ ಸೇರಿ ಒಂದು ಸಣ್ಣ ಉದ್ಯಾನ ಮಾಡಿಕೊಂಡಿದ್ದರು. ಅದಕ್ಕೆ ಬೆಂಚುಗಳು ಬೇಕಿದ್ದವು. ನಮ್ಮ ಬಿಸಿಲು ಎಂಥದ್ದೆಂದು ಹೇಳಬೇಕಾಗಿಲ್ಲ. ನೆಲ ಅದಕ್ಕಿಂತ ಕಷ್ಟದ್ದು — ಗದ್ದೆಗಳ ನೀರು ಕುಡಿದು ಸವಳಾದ ನೆಲ, ಬೇಸಿಗೆ ಬಂತೆಂದರೆ ಉಪ್ಪು ಬೆಳ್ಳಗೆ ಮೇಲೇಳುತ್ತದೆ. ಇಂಥಲ್ಲಿ ಯಾವುದು ಬಾಳಿಕೆ ಬರುತ್ತದೆ? ಸಮಿತಿಯ ಹಿರಿಯರಾದ ಬಸವರಾಜ ಮಾಸ್ತರು ನನಗೆ ಶಾಲೆಯಲ್ಲಿ ಪಾಠ ಹೇಳಿದವರು. ನಾನು ಆಗಷ್ಟೇ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ.

“ನೀ ಓದಿದಾಕಿ ಅದಿ, ರೇಣುಕಾ. ಬಾಯಿಮಾತು ಬ್ಯಾಡ. ಪರೀಕ್ಷಾ ಮಾಡಿ ಬರದು ಕೊಡು,” ಎಂದರು.

ಕೊನೆಗೆ ಕಣದಲ್ಲಿ ಉಳಿದದ್ದು ಎರಡೇ: ಬಣ್ಣ ಹಚ್ಚಿದ ಕಬ್ಬಿಣದ ಪೈಪು ಮತ್ತು ಜಾಲಿಯ ಕಟ್ಟಿಗೆ. ಜಾಲಿಯನ್ನು ತಂದವರು ಮಸ್ಕಿಯ ಮೌನೇಶಪ್ಪ. ಎತ್ತಿನ ಬಂಡಿಯ ಗಾಲಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಬಂಡಿಗಳಿಗೆ ರಬ್ಬರಿನ ಟೈರು ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಈ ಬೆಂಚುಗಳು ಸಿಕ್ಕರೆ ಅವರ ಬಡಿಗತನದ ಕಮ್ಮಟದ ಬಾಗಿಲು ತೆರೆದಿರುತ್ತದೆ, ಇಲ್ಲದಿದ್ದರೆ ಇಲ್ಲ — ಇದು ನನಗೆ ಗೊತ್ತಿತ್ತು.

ಅವರು ಮೊಳದುದ್ದದ ಒಂದು ತುಂಡನ್ನು ನನ್ನ ಕೈಯಲ್ಲಿಟ್ಟರು. ಹಸಿಯಿದ್ದಾಗಲೇ ಅದಕ್ಕೆ ಕಲ್ಲು ಕಟ್ಟಿ, ಸಂತೆಕಲ್ಲೂರಿನ ತಮ್ಮ ಹೊಲದ ಬಾವಿಯಲ್ಲಿ ಮುಳುಗಿಸಿ, ಆಮೇಲೆ ನೆರಳಿನಲ್ಲಿ ಒಣಗಿಸಿದ್ದರು.

“ಆರು ತಿಂಗಳು ಬಾವ್ಯಾಗ ಮಲಗಿದ್ದೈತಿ ಇದು. ಕಟ್ಟಿಗ್ಯಾಗಿನ ಸಿಹಿ ಎಲ್ಲಾ ನೀರಿಗೆ ಹೋಗೇತಿ. ಹುಳಕ್ಕ ಇನ್ನ ಇದರಾಗ ಊಟ ಇಲ್ಲವ್ವ.”

ನಾನು ಅದನ್ನು ಮನೆಗೆ ತಂದು ಹಿತ್ತಲಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ತುಂಡು ಇರಲಿಲ್ಲ.

“ಅದಾ? ಬಚ್ಚಲ ಒಲಿಗೆ ಹಾಕಿದೆ,” ಎಂದಳು ಅಜ್ಜಿ. “ಏನ್ ಘಟ್ಟಿ ಕಟ್ಟಿಗಿನೇ ಯವ್ವಾ! ಹಂಡೆ ನೀರು ಕಾದ್ರೂ ಇನ್ನಾ ಉರಿಯಾಕತ್ತೈತಿ.”

ಆ ನೀರಿನಲ್ಲಿ ನಾನು ಆಗಲೇ ತಲೆಸ್ನಾನ ಮಾಡಿ ಬಂದಿದ್ದೆ.

ಮಸ್ಕಿಗೆ ಹೋಗಿ ಇನ್ನೊಂದು ತುಂಡು ಕೇಳಬಹುದಿತ್ತು. ಬಸ್ಸಿನಲ್ಲಿ ಹೋಗಿ ಬರುವಷ್ಟರ ಮಾತು. ಆದರೆ ಪರೀಕ್ಷೆಯ ತುಂಡನ್ನೇ ಕಾಯಲಾಗದವಳು ಎಂದು ಮಾಸ್ತರಿಗೆ ತಿಳಿಯುವುದು — ಅಚ್ಚುಕಟ್ಟು ಎಂಬ ಹೆಸರೊಂದೇ ನನ್ನ ಆಸ್ತಿ ಎಂದುಕೊಂಡಿದ್ದೆ. ಸೌದೆಯಲ್ಲಿದ್ದ ಜಾಲಿಯನ್ನೇ ಅಷ್ಟುದ್ದಕ್ಕೆ ಕೊಯ್ದು, ಚೀಟಿ ಕಟ್ಟಿ, ಉದ್ಯಾನದಲ್ಲಿ ಪೈಪಿನ ಪಕ್ಕಕ್ಕೆ ಹುಗಿದೆ. ಅರ್ಧ ಮಣ್ಣಿನೊಳಗೆ, ಅರ್ಧ ಬಿಸಿಲಿಗೆ. ಜಾಲಿ ಜಾಲಿಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳಲಿಲ್ಲ.

ವರ್ಷ ಕಳೆದು ಸಮಿತಿಯವರ ಮುಂದೆ ಅಗೆದಾಗ ಪೈಪಿನ ಬಣ್ಣ ಒಂದೆರಡು ಕಡೆ ಉಬ್ಬಿತ್ತು, ಅಷ್ಟೆ. ಜಾಲಿ ತೂತು ತೂತಾಗಿ ಕೈಯಲ್ಲೇ ಪುಡಿಯಾಯಿತು. ಆ ದಿನ ಮೌನೇಶಪ್ಪ ತಾವು ಮಾಡಿದ ಒಂದು ಬೆಂಚನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ಅದರಲ್ಲಿ ಒಂದು ಮೊಳೆಯೂ ಇರಲಿಲ್ಲ, ಎಲ್ಲ ಕಟ್ಟಿಗೆಯ ಗೂಟಗಳೇ. ಮಳೆನೀರು ನಿಲ್ಲದಂತೆ ಪಟ್ಟಿಗಳ ನಡುವೆ ಸಂದು. ಕಾಲುಗಳಿಗೆ ಸವಳು ತಾಗದಂತೆ ಕೆಳಗೆ ಕರಿಕಲ್ಲಿನ ತುಂಡುಗಳು. ಅವರು ಹುಳ ತಿಂದ ತುಂಡನ್ನು ಎತ್ತಿಕೊಂಡು, ಉಳಿಯಿಂದ ಸೀಳಿ, ಒಳಗೆ ನೋಡಿದರು.

“ಇದು ನೀರು ಕುಡದ ಕಟ್ಟಿಗಿ ಅಲ್ಲವ್ವ. ಒಳಗ ಕರ್ರಗಿರಬೇಕಿತ್ತು.”

ಎಲ್ಲರೂ ನನ್ನ ಕಡೆ ನೋಡಿದರು.

“ನೀವು ಕೊಟ್ಟದ್ದೇ ರೀ ಕಾಕಾ ಅದು,” ಎಂದೆ.

ಧ್ವನಿ ನಡುಗಲಿಲ್ಲ. ಅದೇ ನನಗೆ ಇವತ್ತಿಗೂ —

ಕಬ್ಬಿಣ ಗೆದ್ದಿತು. ಮೌನೇಶಪ್ಪ ವಾದ ಮಾಡಲಿಲ್ಲ. “ಹುಳದ ಹೆಸರು ಹೊತ್ತಿದ್ದನ್ನ ಮನಿಗೆ ಒಯ್ಯಂಗಿಲ್ಲ,” ಎಂದವರೇ ಬೆಂಚನ್ನು ಗೇಟಿನ ಹೊರಗೆ ಬಿಟ್ಟು ಹೋದರು. ಅಲ್ಲಿ ಚಹಾ ಮಾರುವ ಯಂಕಮ್ಮ ಅದನ್ನು, ಕೆಳಗಿನ ಕಲ್ಲುಗಳ ಸಮೇತ, ತನ್ನ ಒಲೆಯ ಮುಂದಕ್ಕೆ ಎಳೆದುಕೊಂಡಳು. ಕೆಲವು ತಿಂಗಳಲ್ಲಿ ಕಮ್ಮಟ ಮುಚ್ಚಿತೆಂದು ಕೇಳಿದೆ. ಅವರು ಲಿಂಗಸುಗೂರಿನ ಯಾರದೋ ಅಂಗಡಿಯಲ್ಲಿ ಪ್ಲೈವುಡ್ಡಿನ ಕಪಾಟು ಜೋಡಿಸುವ ಕೂಲಿಗೆ ಸೇರಿದ್ದರು.

ಆಮೇಲಿನ ಆರು ವರ್ಷ ಆ ಬೆಂಚು ನನ್ನ ವರದಿಗೆ ದಿನವೂ ಉತ್ತರ ಕೊಟ್ಟಿತು. ಒಳಗೆ, ಉದ್ಯಾನದಲ್ಲಿ, ಕಬ್ಬಿಣದ ಕಾಲುಗಳನ್ನು ಮಣ್ಣಿನ ಮಟ್ಟದಲ್ಲಿ ಸವಳು ತಿನ್ನುತ್ತ ಬಂತು. ಎರಡು ಸಲ ಬಣ್ಣ ಬಳಿದರು. ಹೊರಗೆ, ಅದೇ ಬಿಸಿಲು ಅದೇ ನೆಲದಲ್ಲಿ, ಜಾಲಿಯ ಬೆಂಚು ಬೂದಿಬಣ್ಣಕ್ಕೆ ತಿರುಗಿತೇ ಹೊರತು ಒಂದು ಗೂಟವೂ ಅಲುಗಲಿಲ್ಲ. ಭತ್ತದ ಮೂಟೆ ಹೊರುವವರು, ಆಟೋದವರು, ಬಳಗಾನೂರಿನ ಬಸ್ಸಿಗೆ ಕಾಯುವ ಹೆಂಗಸರು, ಯಾರೆಲ್ಲ ಅದರ ಮೇಲೆ ಕೂತರು! “ಒಳಗ ಕುಂತ್ರ ಪ್ಯಾಂಟ್ ಹರೀತೈತಿ, ಇಲ್ಲಿ ಕುಂದರ್ರಿ, ಚಾ ಆದ್ರೂ ಸಿಗತೈತಿ,” ಎಂದು ಯಂಕಮ್ಮ ಕೂಗುತ್ತಿದ್ದಳು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ.

ಈ ವರ್ಷ ಒಂದು ಕಬ್ಬಿಣದ ಬೆಂಚು ಮಾಸ್ತರು ಕೂತಿದ್ದಾಗಲೇ ಮುರಿಯಿತು. ಅವರಿಗೆ ಪೆಟ್ಟಾಗಲಿಲ್ಲ. ಎದ್ದು ಧೂಳು ಕೊಡವಿಕೊಂಡು, “ರೇಣುಕಾ, ಇನ್ನೊಮ್ಮೆ ಪರೀಕ್ಷಾ ಮಾಡಬೇಕಾತು ನೋಡು,” ಎಂದರು. ಅದೇ ನಂಬಿಕೆ, ಅದೇ ನಗು. ಇನ್ನು ತಡೆಯಲಾಗಲಿಲ್ಲ. ನಿಂತಲ್ಲೇ, ಎಲ್ಲರ ಮುಂದೆ, ಹಂಡೆಯ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾಸ್ತರ ನಗು ಇಳಿಯಿತು. “ಇದನ್ನ ನನಗಲ್ಲ, ಅವನಿಗೆ ಹೇಳು,” ಎಂದರು.

ಲಿಂಗಸುಗೂರಿನಲ್ಲಿ ಮೌನೇಶಪ್ಪ ಕಪಾಟಿಗೆ ಬಾಗಿಲು ಹಚ್ಚುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ತಲೆ ಎತ್ತಲಿಲ್ಲ.

“ನೀರು ಚಲೋ ಕಾದಿದ್ವೇನು?” ಎಂದು ಕೇಳಿದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಅಂದರು: “ನಾ ನನ್ನ ಬಾವಿ ಮ್ಯಾಲೆ ಸಂಶಯ ಪಟ್ಟೆನವ್ವ. ನೀರು ಕೆಟ್ಟೈತಿ ಅಂದ್ಕೊಂಡೆ. ಅವತ್ತಿನಿಂದ ಅದರಾಗ ಒಂದು ಕಟ್ಟಿಗಿ ಇಳಿಬಿಟ್ಟಿಲ್ಲ.”

ಬೆಂಚು ಇನ್ನೂ ಇದೆ ಎಂದಷ್ಟೇ ಹೇಳಿದೆ. ಅವರು ಒಮ್ಮೆಯೂ ಆ ದಾರಿಗೆ ಬಂದಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು.

ಮರುದಿನ ಮುಂಜಾನೆಯೇ ಬಂದರು. ಬೆಂಚಿನ ಕೆಳಗೆ ಅಂಗಾತ ಮಲಗಿ ಒಂದೊಂದೇ ಗೂಟ ಮುಟ್ಟಿ ನೋಡಿದರು, ಬೆರಳಗಂಟಿನಿಂದ ಬಡಿದರು. ಬಂಡೆಗೆ ಬಡಿದಂತೆ ಠಣ್ಣೆಂದಿತು. ವಾಕಿಂಗಿಗೆ ಬಂದವರೆಲ್ಲ ಸುತ್ತ ನಿಂತಿದ್ದರು. ಉಳಿಯಿಂದ ಬೂದಿಬಣ್ಣವನ್ನು ಉಗುರಿನಷ್ಟು ಕೆತ್ತಿದರು. ಒಳಗೆ ಕರ್ರಗೆ, ಮಿರಮಿರ ಮಿಂಚುವ ಕಟ್ಟಿಗೆ.

“ನನ್ನ ಬಾವಿ!” ಎಂದರು ಮೌನೇಶಪ್ಪ. ಮೈಯೆಲ್ಲ ಮಣ್ಣು, ಮುಖವೆಲ್ಲ ನಗು. “ಮಾಸ್ತರ್ರೀ, ನೋಡಿದ್ರೇನು ನನ್ನ ಬಾವೀನ!”

“ಆರು ವರ್ಷದಿಂದ ಒದರಾಕತ್ತೀನಿ, ಓದಿದವ್ರ ಕಿವಿಗೆ ಬೀಳವಲ್ದು!” ಎಂದಳು ಯಂಕಮ್ಮ. ಆ ದಿನ ಎಲ್ಲರಿಗೂ ಅವಳದೇ ಚಹಾ. ಹನ್ನೆರಡು ಬೆಂಚು ಅವರೇ ಮಾಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಈಗ ಮಸ್ಕಿಯ ಕಮ್ಮಟದ ಬಾಗಿಲು ತೆರೆದಿದೆ. ಬಾವಿಯಲ್ಲಿ ಜಾಲಿ ಮಲಗಿದೆ.

ಹಳೆಯ ವರದಿ ಸುಳ್ಳೆಂದು ಕಾಗದದ ಮೇಲೆ ಬರೆದುಕೊಟ್ಟೆ. ಆದರೆ ಕಾಗದ ಎರಡು ಮಳೆಗೆ ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ಆದ್ದರಿಂದ ಮೊದಲ ಬೆಂಚಿನ ಒರಗುಪಟ್ಟಿಯ ಮೇಲೆ ಕೆತ್ತಲು ಎರಡು ಸಾಲು ಬರೆದು ಅವರ ಕೈಗೆ ಕೊಟ್ಟೆ: “ಹುಳ ಹತ್ತಿದ ತುಂಡು ಮೌನೇಶಪ್ಪನವರದಲ್ಲ. ಬದಲಿಸಿದವಳು ರೇಣುಕಾ.”

ಅವರು ಎರಡು ಸಲ ಓದಿದರು. “ಹೆಸರು ಬ್ಯಾಡ ಬಿಡವ್ವ. ಇದು ನೀರು ಕುಡಿಯೋ ಜಾಲಿ. ನಿನ್ನ ಮೊಮ್ಮಕ್ಕಳು ಬಂದ್ರೂ ಅಳಿಯಂಗಿಲ್ಲ.”

“ಅದಕ್ಕೇ ಕಾಕಾ,” ಎಂದೆ.

ಆ ಎರಡು ಸಾಲು ಕೆತ್ತಲಿರುವ ಪಟ್ಟಿಯೂ ಈಗ ಬಾವಿಯಲ್ಲೇ ಇದೆ.