ಎರಡು ಲೈನು, ಒಂದೇ ತಗ್ಗು

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಾನು ನೆಟ್‌ವರ್ಕ್ ಪಾಠ ಹೇಳುತ್ತೇನೆ. ಮಾತಾಗಲಿ ಚಿತ್ರವಾಗಲಿ, ಇಂಟರ್ನೆಟ್ಟಿನಲ್ಲಿ ಚೂರುಚೂರಾಗಿ ಹೋಗುತ್ತದೆ. ಪ್ರತಿ ಚೂರಿನ ಮೇಲೂ ವಿಳಾಸವಿರುತ್ತದೆ. ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿ ಹಿಡಿಯುತ್ತದೆ, ಆ ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಯಾರೂ ದೊರೆಯಲ್ಲ. ಇದನ್ನು ಹೇಳುವಾಗ ಹುರುಪು ಬರುತ್ತಿತ್ತು. ಈಗ ಬೇಗ ಮುಗಿಸಿ ಮುಂದಿನ ಪಾಠಕ್ಕೆ ಹೋಗುತ್ತೇನೆ.

ಅಣ್ಣ ಸೌದಿಯಲ್ಲಿ ಲಾರಿ ಓಡಿಸುತ್ತಾನೆ. ಬ್ಯಾಡಗಿಯ ಮನೆಯಲ್ಲಿ ಅಮ್ಮಿ ಹಾಸಿಗೆ ಹಿಡಿದಾಗ ಅವನಿಗೆ ರಜೆ ಸಿಗಲಿಲ್ಲ. ದಿನಾ ವಿಡಿಯೋದಲ್ಲಿ ಅವಳ ಮುಖ ನೋಡುತ್ತಿದ್ದ. ಕೊನೆಯ ಸಲವೂ ಹಾಗೆಯೇ ನೋಡಬೇಕಾದೀತೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಆಡಿರಲಿಲ್ಲ. ಅದಕ್ಕೇ ಎರಡು ಬೇರೆ ಕಂಪನಿಗಳ ಇಂಟರ್ನೆಟ್ ಲೈನು ಹಾಕಿಸಿದ್ದೆ. ಪಾಠ ಹೇಳುವವನ ಜಾಣತನ ಅದು.

ಅಮ್ಮಿ ಬೆಳಿಗ್ಗೆ ಹೋದಳು. ಅಣ್ಣನಿಗೆ ಫೋನು ಮಾಡಿ ಹೇಳಿದೆ. ಕಫನಿನ ಬಿಳಿ ಬಟ್ಟೆ ಹೊದಿಸಿದ ಮೇಲೆ ಮುಖ ತೋರಿಸು ಅಂದ. ನಮ್ಮಲ್ಲಿ ಮಣ್ಣಿಗೆ ತಡಮಾಡುವುದಿಲ್ಲ. ಮಧ್ಯಾಹ್ನದ ನಮಾಜಿನ ನಂತರವೇ ಎಂದು ನಿಶ್ಚಯವಾಯಿತು. ಒಂದು ಫೋಟೋ ತೆಗೆದಿಡಲೇ ಎಂದರೆ ಅಪ್ಪನ ತಮ್ಮ, ನಮ್ಮ ಚಾಚಾ, ಒಪ್ಪಲಿಲ್ಲ.

"ನೋಡೂದು ಬ್ಯಾರೆ, ತೆಗೆದಿಟ್ಕೊಳ್ಳೂದು ಬ್ಯಾರೆ. ಮಗ ಅದಾನ, ಫೋನಿನ್ಯಾಗ ನೋಡ್ಲಿ."

ಕಫನ್ ಹೊದಿಸಿ ಮುಗಿಯುವ ಹೊತ್ತಿಗೆ ನೆಟ್ಟು ಹೋಯಿತು. ಎರಡೂ ಲೈನು. ಯಾರ ಮೊಬೈಲಿನಿಂದಲೂ ಕರೆ ಹೋಗಲಿಲ್ಲ. ಹೊರಗೆ ಬಂದರೆ ಓಣಿಯ ತುದಿಯಲ್ಲಿ ಗಟಾರಕ್ಕೆಂದು ಜೆಸಿಬಿ ಅಗೆಯುತ್ತಿತ್ತು. ಎರಡೂ ಕಂಪನಿಗಳ ಕೇಬಲ್ಲು, ಟವರಿಗೆ ಹೋಗುವ ಕೇಬಲ್ಲು ಕೂಡ, ಒಂದೇ ತಗ್ಗಿನಲ್ಲಿ ತುಂಡಾಗಿ ಬಿದ್ದಿದ್ದವು. ಜಗತ್ತಿನ ತುಂಬ ದಾರಿಗಳಿದ್ದರೇನು ಬಂತು, ನಮ್ಮ ಓಣಿಗಿದ್ದದ್ದು ಒಂದೇ. ಕಂಪನಿ ಎರಡಾದ ಮಾತ್ರಕ್ಕೆ ದಾರಿ ಎರಡಾಗುವುದಿಲ್ಲವೆಂದು ಇಷ್ಟು ಓದಿದ ನನಗೆ ಹೊಳೆದಿರಲಿಲ್ಲ. ತಲೆ ಚಚ್ಚಿಕೊಳ್ಳುವಂತಾಯಿತು.

ಬೈಕ್ ಹತ್ತಿ ಕದರಮಂಡಲಗಿ ರಸ್ತೆ ಹಿಡಿದೆ. ಊರು ದಾಟಿ ಮೆಣಸಿನಕಾಯಿ ಹೊಲಗಳ ನಡುವೆ ಬೇರೆ ಟವರ್ ಸಿಕ್ಕಿತು. ವಿಡಿಯೋ ಕರೆಯನ್ನು ಅಣ್ಣ ಮೊದಲ ರಿಂಗಿಗೇ ಎತ್ತಿದ. ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದ.

"ಅಮ್ಮಿ ಎಲ್ಲಿ?" ಅಂದ. ಮನೆಮಾತು ಉರ್ದುವಾದರೂ ನಾವಿಬ್ಬರು ಚಿಕ್ಕಂದಿನಿಂದ ಕನ್ನಡದಲ್ಲೇ ಮಾತಾಡುವುದು.

ಅಮ್ಮಿ ಇರುವಲ್ಲಿ ನೆಟ್ಟಿಲ್ಲ, ನೆಟ್ಟಿರುವಲ್ಲಿ ನಾನೊಬ್ಬನೇ ಇದ್ದೇನೆ ಎಂದು ಹೇಳಿದೆ.

"ಕಟ್ ಮಾಡಬ್ಯಾಡ. ಹಿಂಗ ಚಾಲೂ ಇಟ್ಕೊಂಡ ಮನೀಗೆ ನಡಿ. ಲಗೂ."

ಚಾಲೂ ಇಟ್ಟರೆ ದಾರಿ ಜೊತೆಗೇ ಬರುತ್ತದೆಂದು ನಂಬಿದ್ದ. ಹಾಗಲ್ಲವೆಂದು ತಿಳಿಸಿ ಹೇಳುವುದೇ ನನ್ನ ಉದ್ಯೋಗ. ಆದರೂ ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು ಬೈಕ್ ತಿರುಗಿಸಿದೆ.

"ಊರು ಬಂತೇನು?" ಕಿಸೆಯೊಳಗಿಂದ ಕೇಳಿದ.

"ಬರಾಕತ್ತೈತಿ."

"ಅಮ್ಮಿ ಮುಖದ ಹತ್ರ ಹಿಡಿ. ಕೈ ನಡುಗಿಸಬ್ಯಾಡ."

ಮೊದಲ ಮನೆಗಳು ಕಂಡವು. ಕರೆ ಎಲ್ಲಿ ಕಡಿದುಹೋಗುವುದೋ ಗೊತ್ತಿದ್ದರಿಂದ ಗಾಡಿಯನ್ನು ನಿಧಾನ ಮಾಡಿದೆ. "ಮನಿ ಬಂತೇ..." ಅಂದ, ಅಷ್ಟಕ್ಕೇ ಕಿಸೆ ಸುಮ್ಮನಾಯಿತು.

ಬಾಗಿಲಲ್ಲಿ ಚಾಚಾ, "ನೋಡಿದ್ನೇನು?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

"ನಮಾಜಿನ ಹೊತ್ತಾತಪ್ಪಾ," ಅಂದರು.

ಅಣ್ಣನ ಪಾಲಿನದನ್ನೂ ಸೇರಿಸಿ ನೋಡಿಬಿಡಬೇಕೆಂದು ಅಮ್ಮಿಯ ಮೇಲೆ ಬಗ್ಗಿದೆ. ಕಣ್ಣು ತುಂಬಿ ಏನೂ ಕಾಣಲಿಲ್ಲ. ಬಟ್ಟೆ ಎಳೆದು ಮುಖ ಮುಚ್ಚಿದೆ.