ದೆವ್ವ ಬರುವುದು ಅವಳಿಗೆ ಮೊದಲೇ ಗೊತ್ತು

ಈಚಿನ ದೆವ್ವದ ಸಿನಿಮಾಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಎರಡು ವರ್ಷದಲ್ಲಿ ಏಳೆಂಟು ನೋಡಿದೆ, ಒಂದಕ್ಕೂ ಎದೆ ಝಲ್ಲೆನ್ನಲಿಲ್ಲ. ಒಂದು ಕತ್ತಲೆ ಕೋಣೆ, ಅರ್ಧ ತೆರೆದ ಬಾಗಿಲು, ಆ ಬಾಗಿಲ ಕಡೆಗೆ ಹೆಜ್ಜೆ ಇಡುತ್ತಲೇ ಇರುವ ಒಬ್ಬ ಹೆಣ್ಣುಮಗಳು. ಆಕೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನು ಒಂದು ಹಿಡಿ ಶೇಂಗಾ ಮುಗಿಸಿರುತ್ತಿದ್ದೆ. ಆಮೇಲೆ ಕೂದಲು ಇಳಿಬಿಟ್ಟ ಒಂದು ಮುಖ ಫಕ್ಕನೆ ಬರುತ್ತಿತ್ತು. ಬಂದೆಯಾ, ಬಾ, ಕೂತುಕೋ ಎನ್ನುವ ಹಾಗೆ ನಾನು ಅದನ್ನು ನೋಡುತ್ತಿದ್ದೆ. ಹಿಂದೆ ಮುಂದೆ ಕೂತವರು ಮಾತ್ರ ಕುರ್ಚಿಯಿಂದ ಒಂದು ಗೇಣು ಮೇಲೆ ಹಾರುತ್ತಿದ್ದರು. ಈ ಜನ ನಾಟಕ ಮಾಡುತ್ತಿದ್ದಾರೆ ಎಂದು ನನಗೆ ಮೊದಲ ಸಂಶಯ ಬಂದದ್ದು ಆಗ.

ಹೊಡೆದಾಟದ ಸಿನಿಮಾಗಳದ್ದು ಬೇರೆ ರೋಗ. ಈಗಿನ ನಾಯಕರೆಲ್ಲ ಎದೆಯವರೆಗೆ ಗಡ್ಡ ಬಿಡುತ್ತಾರೆ, ಗಡ್ಡದೊಳಗೆ ಬಾಯಿ ಎಲ್ಲಿದೆ ಎಂದು ಹುಡುಕಬೇಕು. ಆ ಬಾಯಿಂದ ಏನೋ ಗೊಣಗುತ್ತಾರೆ, ಜನ ಸೀಟಿ ಹೊಡೆಯಲು ಬೆರಳು ಬಾಯಿಗಿಡುತ್ತಾರೆ. ಬೆಂಗಳೂರಿನವರ ಕನ್ನಡ ಕೆಟ್ಟಿದೆ, ಶಬ್ದ ನುಂಗುತ್ತಾರೆ ಎಂದು ನಾನು ತೀರ್ಮಾನ ಕೊಟ್ಟಿದ್ದೆ. ಗುದ್ದುಗಳಿಗಂತೂ ತೂಕವೇ ಇಲ್ಲ. ಹಿಂದೆ ನಾಯಕ ಒಂದು ಏಟು ಕೊಟ್ಟರೆ ನಮ್ಮ ಕುರ್ಚಿಯ ಕಾಲು ಅದುರುತ್ತಿತ್ತು. ಈಗ ನಲವತ್ತು ಮಂದಿಯನ್ನು ಹೊಡೆದು ಮಲಗಿಸಿದರೂ ಗಾದಿ ಝಾಡಿಸಿದ ಹಾಗೆ ಕಾಣುತ್ತದೆ.

ಒಂದು ಸಿನಿಮಾದಲ್ಲಿ ಹೊಡೆದಾಟ ಹಿಟ್ಟಿನ ಗಿರಣಿಯಲ್ಲೇ ನಡೆಯಿತು. ಆಗ ನಾನು ಕುರ್ಚಿಯ ತುದಿಗೆ ಬಂದು ಕೂತೆ, ಏಕೆಂದರೆ ತಿಕೋಟಾದಲ್ಲಿ ನಮ್ಮದೂ ಗಿರಣಿಯೇ. ಮೂವತ್ತು ವರ್ಷದಿಂದ ಊರಿನ ಜೋಳ, ಗೋಧಿ ಬೀಸುತ್ತಿದ್ದೇವೆ, ಕಲ್ಲಿನ ಹತ್ತಿರ ನಾನು, ಮುಂದೆ ತಕ್ಕಡಿಯ ಹತ್ತಿರ ನನ್ನ ಹೆಂಡತಿ. ಸಿನಿಮಾದ ಗಿರಣಿಯಲ್ಲಿ ಹಿಟ್ಟಿನ ಚೀಲ ಒಡೆದು ಮಂಜಿನ ಹಾಗೆ ಧೂಳು ಹಾರಿತು, ಆದರೆ ಒಬ್ಬನೂ ಸೀನಲಿಲ್ಲ. ಬೆಲ್ಟು ಓಡುತ್ತಲೇ ಇತ್ತು, ಖಳನಾಯಕ ಹತ್ತು ಮಾರು ದೂರದಲ್ಲಿ ನಿಂತು ತುಟಿ ಕೂಡ ಸರಿಯಾಗಿ ಅಲುಗಿಸದೆ ಮಾತಾಡಿದ, ನಾಯಕನಿಗೆ ಅದು ತಿಳಿಯಿತು. ಓಡುವ ಗಿರಣಿಯಲ್ಲಿ ಅದು ಹೇಗೆ ಸಾಧ್ಯ? ನಮ್ಮಲ್ಲಿ ಗಿರಣಿ ಹಚ್ಚಿದರೆ ಮಾತೇ ಇಲ್ಲ. ಹೆಂಗಸರು ಎರಡು ಬೆರಳು ಉಜ್ಜಿ ತೋರಿಸಿದರೆ ಸಣ್ಣಗೆ ಬೀಸಬೇಕು, ಅಂಗೈ ಬಿಡಿಸಿದರೆ ರವೆ ಆಗಬೇಕು. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಸಿನಿಮಾ ತೆಗೆದವನು ಜನ್ಮದಲ್ಲಿ ಒಂದು ಸೇರು ಜೋಳ ಬೀಸಿಸಿಲ್ಲ ಎಂದು ಮನೆಗೆ ಬರುವ ಬಸ್ಸಿನಲ್ಲಿ ಹೆಂಡತಿಗೆ ಹೇಳಿದೆ. ಆಕೆ ನಕ್ಕಳು, ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತ ಕೂತಳು.

ಥಿಯೇಟರಿನವರ ಮೇಲೂ ನನಗೆ ಸಂಶಯ ಇತ್ತು. ಕರೆಂಟು ಉಳಿಸಲು ದನಿ ಇಳಿಸಿದ್ದಾರೆ ಎಂದುಕೊಂಡು ಒಮ್ಮೆ ಗೇಟಿನವನನ್ನು ತರಾಟೆಗೆ ತೆಗೆದುಕೊಂಡೆ.

“ಕಾಕಾ, ಇನ್ನ ಏರಿಸಿದ್ರ ಗ್ವಾಡಿ ಬೀಳ್ತಾವು,” ಅಂದ ಆತ. ಹೆಂಡತಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಇಷ್ಟಾದರೂ ನಾವು ಸಿನಿಮಾ ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಬ್ಬನೇ ಗೆಳೆಯರ ಜೊತೆ ವಿಜಯಪುರಕ್ಕೆ ಹೋಗಿ ಒಂದು ದೆವ್ವದ ಸಿನಿಮಾ ನೋಡಿ ಬಂದಿದ್ದೆ. ಬಂದವನೇ ಅವಳಿಗೆ ಕಥೆಯೆಲ್ಲ ಹೇಳಿಬಿಟ್ಟೆ, ದೆವ್ವ ಯಾರೆಂಬುದನ್ನೂ ಬಿಡಲಿಲ್ಲ. ಎಂಟು ದಿನ ಆಕೆ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ನಮ್ಮಿಬ್ಬರ ನಡುವೆ ಒಂದು ಕರಾರು ಆಯಿತು: ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಿನಿಮಾ ನೋಡಬಾರದು. ಅಂದಿನಿಂದ ಮಂಗಳವಾರ ಗಿರಣಿ ಬಂದ್ ಇಟ್ಟು ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋಗುತ್ತೇವೆ. ಅವಳಿಗೆ ಜ್ವರ ಬಂದಾಗ ಊರೆಲ್ಲ ಹೊಗಳಿದ ಸಿನಿಮಾ ಎತ್ತಂಗಡಿ ಆಯಿತು, ನಾನು ಹೋಗಲಿಲ್ಲ. ಮೊಬೈಲು ಬಂದ ಮೇಲೆ ಅದರಲ್ಲೂ ಕದ್ದು ನೋಡಲಿಲ್ಲ. ನಮಗೆ ಮಕ್ಕಳಿಲ್ಲ. ವಾರದಲ್ಲಿ ನಾವಿಬ್ಬರೇ ಒಂದು ಕಡೆ ಸುಮ್ಮನೆ ಕೂಡುವುದು ಆ ಮೂರು ತಾಸು ಮಾತ್ರ. ಆ ಕರಾರು ನನಗೆ ದೊಡ್ಡದು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ದೊಡ್ಡದು.

ಅದಕ್ಕೇ ಆ ಮಂಗಳವಾರ ಅವಳ ಕೈ ನನ್ನ ತಲೆ ಕೆಡಿಸಿತು.

ಪರದೆಯ ಮೇಲೆ ಏನೂ ಇರಲಿಲ್ಲ. ಒಬ್ಬ ಹೆಣ್ಣುಮಗಳು ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು, ಅಷ್ಟೇ. ಆಗ ನನ್ನ ಹೆಂಡತಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಒತ್ತಿದಳು. ಏನು ಎಂದು ನಾನು ಹೊರಳುವಷ್ಟರಲ್ಲಿ ಕನ್ನಡಿಯಲ್ಲಿ ಇನ್ನೊಂದು ಮುಖ ಮೂಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿದಳು, ಮಂಚದ ಕೆಳಗಿಂದ ಕೈ ಬಂತು. ಮೂರನೆಯ ಸಲ ಒತ್ತಿದಾಗ ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು ಅನ್ನುವಷ್ಟರಲ್ಲಿ ದೆವ್ವ ಹಾಜರು.

ದೆವ್ವ ಯಾವಾಗ ಬರುತ್ತದೆ ಎಂದು ಇವಳಿಗೆ ಮೊದಲೇ ಹೇಗೆ ಗೊತ್ತು? ಇವಳು ಈ ಸಿನಿಮಾ ನೋಡಿದ್ದಾಳೆ, ನನ್ನನ್ನು ಬಿಟ್ಟು ನೋಡಿದ್ದಾಳೆ.

ಮುಂದಿನ ವಾರ ಹೊಡೆದಾಟದ ಸಿನಿಮಾ. ಅಲ್ಲೂ ನಾಯಕನ ಹಿಂದೆ ಲಾರಿ ಬರುವ ಮೊದಲೇ ಕೈ ಒತ್ತಿದಳು. ಹಾಗಾದರೆ ಅದನ್ನೂ ನೋಡಿದ್ದಾಳೆ. ನೆನಪು ಮಾಡಿಕೊಂಡಷ್ಟೂ ಸಾಕ್ಷಿ ಸಿಕ್ಕವು. ಈಚೆಗೆ ಅವಳು ಹದಿನೈದು ದಿನಕ್ಕೊಮ್ಮೆ ಬಬಲೇಶ್ವರದ ತಂಗಿಯ ಮನೆಗೆ ಹೋಗುತ್ತಿದ್ದಳು, ಸಂತೆ ಮಾಡಿಕೊಂಡು ಬಂದೆ ಎನ್ನುತ್ತಿದ್ದಳು. ಬಬಲೇಶ್ವರದಿಂದ ವಿಜಯಪುರಕ್ಕೆ ಬಸ್ಸಿಗೇನು ಬರವೇ? ಅಕ್ಕ ತಂಗಿ ಕೂಡಿ ಸಿನಿಮಾ ನೋಡಿ, ಬದನೆಕಾಯಿ ತೆಗೆದುಕೊಂಡು ಸಂಜೆ ಮನೆಗೆ ಬಂದರೆ ಯಾರಿಗೆ ಗೊತ್ತಾಗುತ್ತದೆ? ಗಿರಣಿಯಲ್ಲೂ ಅವಳ ನಡತೆ ಬದಲಾಗಿತ್ತು. ಕಾಳು ಮುಗಿಯುತ್ತ ಬಂದಾಗ ತಕ್ಕಡಿ ಬಿಟ್ಟು ಎದ್ದು ಬಂದು, ನನ್ನ ಮುಂಗೈ ತಟ್ಟಿ, ಮೇಲೆ ಕಾಳು ಸುರಿಯುವ ಡಬ್ಬಿಯ ಕಡೆ ಬೆರಳು ಮಾಡುತ್ತಿದ್ದಳು. ಮೂವತ್ತು ವರ್ಷ ಕಲ್ಲು ತಿರುಗಿಸಿದವನಿಗೆ ಇವಳು ಪಾಠ ಹೇಳುತ್ತಾಳೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗ ಅದೂ ಲೆಕ್ಕಕ್ಕೆ ಬಂತು. ತಪ್ಪು ಮಾಡಿದವರೇ ಹೀಗೆ ಮೇಲೆ ಬಿದ್ದು ಯಜಮಾನಿಕೆ ಮಾಡುವುದು ಎಂದುಕೊಂಡೆ.

ಫೋನಿನಲ್ಲಿ ವಿಚಾರಿಸುವ ಹಾಗಿರಲಿಲ್ಲ, ನನ್ನ ಫೋನು ಹಾಳಾಗಿ ಬಹಳ ದಿನ ಆಗಿತ್ತು, ಆಚೆಯವರ ಮಾತು ಬರೀ ಗೊರಗೊರ. ಸವೆದ ಬೀಸುಕಲ್ಲಿಗೆ ಟಾಕಿ ಹಾಕಿ ಹರಿತ ಮಾಡುವವನನ್ನು ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿ ನಾನೇ ಬಬಲೇಶ್ವರಕ್ಕೆ ಹೋದೆ. ಹೆಂಡತಿಯ ತಂಗಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಚಹಾ ಕೊಟ್ಟಳು. ಊರ ಸುದ್ದಿ, ಬಿಸಿಲಿನ ಸುದ್ದಿ ಆದ ಮೇಲೆ ನಾನು ಮೆಲ್ಲಗೆ ವಿಷಯಕ್ಕೆ ಇಳಿದೆ.

“ಏನವಾ, ಅಕ್ಕ ತಂಗಿ ಇತ್ತಿತ್ತಲಾಗಿ ಭಾಳ ಸಿನಿಮಾ ನೋಡಾಕತ್ತೀರಂತ?”

ಆಕೆ ಕೈ ನಿಲ್ಲಿಸಿದಳು. “ಯಾರ ಹೇಳಿದ್ರು ಮಾವಾ? ನಮ್ಮ ಮನ್ಯಾಗ ಟಿವಿ ಕೆಟ್ಟ ಎರಡ ತಿಂಗಳಾತು.”

ಟಿವಿಯ ಮೇಲೆ ಅರಿವೆ ಹೊದಿಸಿದ್ದನ್ನು ನಾನು ಬಂದಾಗಲೇ ನೋಡಿಕೊಂಡಿದ್ದೆ. “ಮತ್ತ ಅಕ್ಕ ಇಲ್ಲಿ ಬಂದು ಏನ ಮಾಡ್ತಾಳ?”

“ಅಕ್ಕನ್ನ ಕೇಳ್ರಿ. ನನ್ನ ಯಾಕ ಕೇಳ್ತೀರಿ?” ಅಂದಳು. ಹಾಗೆ ಅಂದು ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದಳು, ಆಮೇಲೆ ಇನ್ನೂ ಅರ್ಧ ಬಟ್ಟಲು ಚಹಾ ಸುರಿದಳು. ಕಳ್ಳತನ ಗೊತ್ತಿದ್ದವರ ಮುಖ ಹೀಗೇ ಇರುತ್ತದೆ ಎಂದು ಲೆಕ್ಕ ಹಾಕಿ ನಾನು ಬಸ್ಸು ಹತ್ತಿದೆ.

ಇನ್ನು ಉಳಿದದ್ದು ಒಂದೇ ದಾರಿ. ಯಾರೂ ನೋಡಿರಲು ಸಾಧ್ಯವೇ ಇಲ್ಲದ ಸಿನಿಮಾಕ್ಕೆ ಅವಳನ್ನು ಕರೆದುಕೊಂಡು ಹೋಗಬೇಕು. ಶುಕ್ರವಾರ ಹೊಸದೊಂದು ದೆವ್ವದ ಸಿನಿಮಾ ಬರುವುದಿತ್ತು. ಮೊದಲ ದಿನ, ಮುಂಜಾನೆಯ ಮೊದಲ ಆಟ. ನಾನು ಗಿರಣಿಗೆ ಬೀಗ ಹಾಕಿದೆ. ಬುಟ್ಟಿ ಹೊತ್ತು ಬಂದಿದ್ದ ಬಿಜ್ಜರಗಿಯ ಹೆಂಗಸರು ಬಾಯಿಗೆ ಬಂದದ್ದು ಅಂದರು, ತುಟಿಗಳಲ್ಲೇ ಓದಿಕೊಂಡೆ.

“ಶುಕ್ರವಾರ ಯಾಕ್ರಿ? ಮಂಗಳವಾರ ಹೋದ್ರ ಆಗಂಗಿಲ್ಲೇನು?” ಎಂದು ಹೆಂಡತಿ ಕೇಳಿದಳು.

“ಇವತ್ತ ನೋಡೂದೈತಿ,” ಅಂದೆ. ನನ್ನ ಮಾತಿನ ಒಳಗಿನ ಚುಚ್ಚು ಅವಳಿಗೆ ತಿಳಿಯಿತೋ ಇಲ್ಲವೋ, ಶೇಂಗಾದ ಪುಡಿಕೆ ಮರೆಯದೆ ಇಟ್ಟುಕೊಂಡಳು.

ಸಿನಿಮಾ ಶುರುವಾಯಿತು. ಹಳೆಯ ಬಂಗಲೆ, ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ, ಬೀಗ ಹಾಕಿದ ಒಂದು ಕೋಣೆ. ಇಂಥ ಮನೆಯನ್ನು ಬಾಡಿಗೆಗೆ ಹಿಡಿಯುವವರಿಗೆ ದೆವ್ವ ಹಿಡಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ದಿನ ನನ್ನ ಕಣ್ಣು ಪರದೆಯ ಮೇಲೆ ಅರ್ಧ, ಅವಳ ಬಲಗೈಯ ಮೇಲೆ ಅರ್ಧ. ಒತ್ತಬೇಡ, ಒತ್ತಬೇಡ ಎಂದು ಒಳಗೊಳಗೇ ಬೇಡಿಕೊಂಡೆ. ಒತ್ತದಿದ್ದರೆ ಹಿಂದಿನವನ್ನೆಲ್ಲ ನನ್ನನ್ನು ಬಿಟ್ಟು ನೋಡಿದ್ದಾಳೆ ಎಂದೇ ಆಗುತ್ತಿತ್ತು, ಅದು ನನಗೆ ತಿಳಿಯದ್ದಲ್ಲ. ಆದರೂ ಹಾಗೆಯೇ ಬೇಡಿಕೊಂಡೆ. ಸಂಶಯ ಹತ್ತಿದವನಿಗೆ ತನ್ನ ಮಾತು ನಿಜವಾಗುವುದೇ ಬೇಕಾಗಿರುತ್ತದೆ.

ಗಂಡ ಬೀಗದ ಕೋಣೆಯ ಮುಂದೆ ನಿಂತ. ಅವಳು ಒತ್ತಿದಳು. ಬೀಗ ತಾನೇ ಕಳಚಿ ಬಿತ್ತು.

ಇನ್ನೊಂದು ಸಲ ಒತ್ತಿದಳು. ಜೋಕಾಲಿಯಲ್ಲಿ ಯಾರೋ ಕೂತಿದ್ದರು.

ಮಧ್ಯಂತರದ ಹೊತ್ತಿಗೆ ಆರು ಸಲ ಆಯಿತು, ಆರೂ ಸಲ ತಪ್ಪಲಿಲ್ಲ. ದೀಪ ಹತ್ತಿದವು. ಇಡೀ ಊರಿನಲ್ಲಿ ಯಾರೂ ನೋಡದ ಸಿನಿಮಾ ಇವಳಿಗೆ ಹೇಗೆ ಗೊತ್ತು? ಇಷ್ಟು ದಿನ ಒಳಗೆ ಕಟ್ಟಿಟ್ಟಿದ್ದು ತಡೆಯಲಾಗಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಹೊರಳಿ ಕೂತು ಕೇಳಿಬಿಟ್ಟೆ.

“ಖರೇ ಹೇಳು. ನನ್ನ ಬಿಟ್ಟು ಸಿನಿಮಾ ನೋಡಾಕತ್ತೀಯೋ ಇಲ್ಲೋ?”

ಆಕೆ ಗಾಬರಿಯಾದಳು. “ಯಾರ, ನಾನೇನ್ರಿ?”

“ದೆವ್ವ ಬರೂಕಿಂತ ಮೊದಲ ನಿನಗ ಹೆಂಗ ಗೊತ್ತಾಗತೈತಿ? ಮೊದಲ ಕೈ ಒತ್ತತಿ, ಆಮ್ಯಾಲೆ ಅದು ಬರತೈತಿ. ನಾ ಎಣಿಸೇನಿ.”

ಅವಳು ನನ್ನ ಮುಖದ ಹತ್ತಿರ ಬಂದು, ಗಿರಣಿಯಲ್ಲಿ ಮಾತಾಡುವಾಗ ಹೇಗೋ ಹಾಗೆ, ತುಟಿ ಬಿಡಿಸಿ ಬಿಡಿಸಿ ಹೇಳಿದಳು. “ಸಪ್ಪಳ ಬರತೈತ್ರಿ. ದೆವ್ವ ಬರೂ ಮುಂಚೆ ಬಾಜಾ ಏರಕೋತ ಹೋಗತೈತಿ. ಎಲ್ಲಾರಿಗೂ ಕೇಳಸ್ತೈತಿ.”

“ಯಾವ ಸಪ್ಪಳ?” ಅಂದೆ.

ಹಾಗೆ ಕೇಳಿದವನು ನಾನೇ. ಕೇಳಿದ ಮೇಲೆ ಆ ಪ್ರಶ್ನೆಯ ಅರ್ಥ ನನಗೂ ತಿಳಿಯಿತು.

“ಗಿರಣ್ಯಾಗೂ ಹಂಗ,” ಅಂದಳು. “ಕಾಳ ಮುಗದು ಕಲ್ಲ ಬರೇ ತಿರಗಾಕತ್ರ ಕಿರ್ರ್ ಅಂತೈತಿ. ಮೊದಲ ನೀವ ಓಡತಿದ್ರಿ. ಈಗ ನಿಮಗ ಗೊತ್ತಾಗಂಗಿಲ್ಲ. ಹಿಟ್ಟ ಸುಟ್ರ ರೊಟ್ಟಿ ಹರೀತಾವಂತ ಮಂದಿ ಬೈತಾರ. ಅದಕ್ಕ ನಾ ಬಂದು ಕೈ ಮುಟ್ಟತೇನಿ. ಇಲ್ಲೂ ನಿಮಗ ತಿಳೀಲಿ ಅಂತ ಈಗೀಗ ಒತ್ತಾಕತ್ತೇನಿ.”

“ಹಿಂಗಾಗಿ ಎರಡ ವರ್ಷ ಆತೇನು?” ಅಂದೆ.

“ಹೌದು. ತಂಗೀಗೆ ಅಷ್ಟ ಹೇಳೀನಿ. ಯಾರರ ಮುಂದ ಹೇಳಿ ನನಗೂ ಹೊಟ್ಟಿ ಹಗರ ಆಗಬೇಕಲ್ರಿ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಸಿನಿಮಾ ಬಿಡತಿದ್ರಿ,” ಅಂದಳು. ಅವಳ ಕಣ್ಣು ತುಂಬಿತ್ತು. “ಮತ್ತ ನೀವು ಕೇಳಿದ್ದೂ ಸುಳ್ಳಲ್ರಿ. ನಿಮ್ಮನ್ನ ಬಿಟ್ಟು ನೋಡೀನಿ. ಎರಡ ವರ್ಷ ಆತು, ನಿಮ್ಮ ಬಾಜೂಕ ಕುಂತು ನಾನೊಬ್ಬಾಕೀನ ನೋಡಾಕತ್ತೇನಿ.”

ನಾನು ಪುಡಿಕೆಯಿಂದ ಒಂದು ಶೇಂಗಾ ತೆಗೆದೆ, ಸುಲಿಯಲು ಆಗಲಿಲ್ಲ, ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಗೊಣಗುವ ನಾಯಕರು, ತೂಕವಿಲ್ಲದ ಗುದ್ದು, ಹಾಳಾದ ಫೋನು, ಗೇಟಿನವನ ಗೋಡೆ ಎಲ್ಲ ಒಟ್ಟಿಗೆ ನೆನಪಾದವು. ಕಂಡಕಂಡವರ ಮೇಲೆ ಸಂಶಯಪಟ್ಟಿದ್ದೆ, ನನ್ನ ಎರಡು ಕಿವಿಗಳನ್ನು ಮಾತ್ರ ಬಿಟ್ಟಿದ್ದೆ. ದೀಪ ಆರಿದವು.

ಎರಡನೆಯ ಅರ್ಧದಲ್ಲಿ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಸಿಟ್ಟಿಗಲ್ಲ, ಇನ್ನು ಮುಟ್ಟಿದರೆ ನನಗೆ ಕೆಟ್ಟೆನಿಸೀತು ಎಂದು. ಪರದೆಯ ಮೇಲಿನ ಹೆಂಡತಿ ದೀಪ ಹಿಡಿದು ನೆಲಮನೆಯ ಮೆಟ್ಟಿಲು ಇಳಿಯತೊಡಗಿದಳು. ನಾನು ಮುಂದಿನ ಸಾಲಿನವರನ್ನು ನೋಡಿದೆ. ಅವರ ಹೆಗಲುಗಳು ಒಂದೊಂದಾಗಿ ಮೇಲೇರುತ್ತಿದ್ದವು, ಒಬ್ಬಾಕೆ ಕಿವಿ ಮುಚ್ಚಿಕೊಂಡಳು. ಏನೋ ಬರುತ್ತಿದೆ ಎಂದು ಆ ಕತ್ತಲಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಗಿರಣಿ ನಿಲ್ಲಿಸಿದ ಮೇಲಿನ ಹಾಗೆ ಎಲ್ಲವೂ ಸ್ತಬ್ಧ. ಆಮೇಲೆ ಆ ಮುಖ ಬಂತು, ಯಾರೂ ಹೇಳದೆ ಬಂತು, ನಾನು ಕುರ್ಚಿಯಲ್ಲಿ ಬೆಚ್ಚಿಬಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಅಂಜಿಕೆಯಾಯಿತು.

ನಾನು ತಡವರಿಸಿ ಅವಳ ಸೆರಗಿನೊಳಗಿಂದ ಕೈ ಎಳೆದುಕೊಂಡು ನನ್ನ ಮುಂಗೈ ಮೇಲೆ ಇಟ್ಟುಕೊಂಡೆ.

“ತಗೀಬ್ಯಾಡ. ಹೇಳು ನನಗ,” ಅಂದೆ.

ಮೆಲ್ಲಗೆ ಅಂದೆ ಎಂದುಕೊಂಡಿದ್ದೆ. ಮುಂದಿನ ಎರಡು ಸಾಲಿನವರು ಹೊರಳಿ ನಮ್ಮನ್ನೇ ನೋಡಿದರು.